ಹೊಳಲ್ಕೆರೆಯ ನಲವತ್ತು

ಕಲ್ಲೇಶನನ್ನು ಐದು ನಿಮಿಷ ಒಂದೇ ಕಡೆ ಕೂರಿಸಿದವರಿಗೆ ಬಹುಮಾನ ಕೊಡುತ್ತೇನೆ ಎಂದು ನಾನು ಲ್ಯಾಬಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹನ್ನೊಂದು ವರ್ಷದಲ್ಲಿ ಯಾರೂ ಗೆದ್ದಿರಲಿಲ್ಲ. ಕುರ್ಚಿ ತೋರಿಸಿದರೆ ಅದರ ಬೆನ್ನು ಹಿಡಿದು ನಿಲ್ಲುತ್ತಾನೆ. ಟೀ ಕೊಟ್ಟರೆ ಮೆಟ್ಟಿಲ ಮೇಲೆ ಒಂದು ಗುಟುಕು, ಕಾರಿಡಾರಿನಲ್ಲಿ ಒಂದು ಗುಟುಕು, ಉಳಿದದ್ದು ಯಾವುದಾದರೂ ಕಿಟಕಿಯ ಮೇಲೆ ಆರಿ ತಣ್ಣಗಾಗಿರುತ್ತದೆ. ಲೋಟ ಹುಡುಕುವ ಕೆಲಸ ಟೀ ತರುವ ಪಾಲಮ್ಮನದು.

ನಾನು ಸರ್ವಮಂಗಳ. ಚಿತ್ರದುರ್ಗದ ಈ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ನನ್ನ ಕೆಲಸ ಸಾವಧಾನದ ಕೆಲಸ, ಬೆರಳು ನಡುಗಬಾರದು. ಆದ್ದರಿಂದ ನಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕಲ್ಲೇಶ ನನ್ನ ಮೇಜಿನ ಹತ್ತಿರ ಬಂದು ಕಾಲು ಕುಣಿಸುತ್ತ ನಿಂತರೆ ನನಗೆ ಸಿಟ್ಟು ಬರುತ್ತದೆ. ಬೈಯುತ್ತೇನೆ. ಅವನು ನಗುತ್ತಾನೆ. ಆದರೂ ಹೇಳಿಬಿಡುತ್ತೇನೆ, ನನಗೆ ಆ ಹುಡುಗನ ಮೇಲೆ ಪ್ರೀತಿಯಿದೆ. ನಲವತ್ತೊಂದು ವರ್ಷದವನನ್ನು ಹುಡುಗ ಎನ್ನುವುದು ನನ್ನ ವಯಸ್ಸಿಗೆ ಸಲ್ಲುತ್ತದೆ.

ಅವನು ಹಿರಿಯೂರಿನವನು. ಅಪ್ಪ ಹನುಮಂತಪ್ಪನವರದು ತೆಂಗಿನಕಾಯಿ ವ್ಯಾಪಾರ. ಕಾಯಿಯನ್ನು ಬೆರಳಲ್ಲಿ ತಟ್ಟಿ, ಕಿವಿಗಿಟ್ಟು ಅಲುಗಿಸಿ, ಒಳಗೆ ನೀರಿದೆಯೋ ಬತ್ತಿದೆಯೋ ಹೇಳುತ್ತಿದ್ದರಂತೆ. ಮಗನನ್ನೂ ಕಾಯಿ ಆರಿಸಲು ಕೂರಿಸಿದರು. ಇವನು ಒಂದನ್ನು ತಟ್ಟಿದ ಶಾಸ್ತ್ರ ಮಾಡಿ ಮುಂದಿನ ನಾಲ್ಕನ್ನು ತಟ್ಟದೆಯೇ ಎಸೆಯುತ್ತಿದ್ದ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂದು ಅಪ್ಪ ಮೂರೇ ದಿನಕ್ಕೆ ಎಬ್ಬಿಸಿ ಕಳಿಸಿದರು. ಆಮೇಲೆ ಕೇಬಲ್ ಟಿವಿಯವರ ಜೊತೆ ಸೇರಿ ಊರಿನ ತಾರಸಿಗಳ ಮೇಲೆಲ್ಲ ಓಡಾಡಿದ. ಅಲ್ಲಿಂದ ಬ್ರೌಸಿಂಗ್ ಸೆಂಟರ್, ಅಲ್ಲಿಂದ ನಮ್ಮಲ್ಲಿಗೆ. ಡಿಗ್ರಿ ಇಲ್ಲ. ಕಲಿತದ್ದೆಲ್ಲ ನೋಡಿ, ಕೆಡಿಸಿ, ಸರಿಮಾಡಿ ಕಲಿತದ್ದು. ಮದುವೆಯ ದಿನ ಮಂಟಪದಿಂದ ಎರಡು ಸಲ ಎದ್ದು ಹೋಗಿ ಮೈಕ್ ಸರಿಮಾಡಿದನೆಂದು ಅವನ ಹೆಂಡತಿ ಚೈತ್ರಾ ಇವತ್ತಿಗೂ ಹೇಳುತ್ತಾಳೆ.

ಅವನಲ್ಲಿ ಇನ್ನೊಂದು ಚಾಳಿಯಿತ್ತು. ಏನನ್ನೂ ಬರೆದಿಡುತ್ತಿರಲಿಲ್ಲ. ಯಾವ ವೈರು ಎಲ್ಲಿಗೆ, ಯಾವ ನಂಬರು ಯಾರದ್ದು ಎಂದು ಕೇಳಿದರೆ ಹಣೆ ಮುಟ್ಟಿ ತೋರಿಸುತ್ತಿದ್ದ. “ಎಲ್ಲಾ ಇಲ್ಲೈತೆ ಅಕ್ಕ” ಎನ್ನುತ್ತಿದ್ದ. ನಿಜಕ್ಕೂ ಇರುತ್ತಿತ್ತು, ಆದ್ದರಿಂದ ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

ನಮ್ಮ ಲ್ಯಾಬಿಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಕೇಂದ್ರವಿದೆ. ಅಲ್ಲಿ ರಕ್ತ ತೆಗೆದು, ಹೆಸರು ನಮೂದಿಸಿ ಇಲ್ಲಿಗೆ ಕಳಿಸುತ್ತಾರೆ. ನಾವು ಪರೀಕ್ಷೆ ಮಾಡಿದ ವರದಿ ಕಂಪ್ಯೂಟರಿನಲ್ಲೇ ಅವರಿಗೆ ತಲುಪುತ್ತದೆ. ಮೊದಲು ಒಂದೊಂದು ಊರಿಗೆ ಒಂದೊಂದು ಪೆಟ್ಟಿಗೆಯಿತ್ತು. ಕಲ್ಲೇಶ ಅವನ್ನೆಲ್ಲ ತೆಗೆಸಿ ಒಂದು ದೊಡ್ಡ ಸರ್ವರ್ ತರಿಸಿದ. ಅದರೊಳಗೆ ಮೂರು ಊರಿಗೆ ಮೂರು, ನಮಗೊಂದು, ಹೀಗೆ ನಾಲ್ಕು ಕಂಪ್ಯೂಟರ್‌ಗಳು ಇದ್ದಂತೆ ಸಾಫ್ಟ್‌ವೇರೇ ನಡೆಸುತ್ತದೆ, ವರ್ಚುಯಲ್ ಮಷೀನ್ ಎನ್ನುತ್ತಾರೆ. ಹೊರಗಿನಿಂದ ಬಂದದ್ದನ್ನು ಆ ನಾಲ್ಕಕ್ಕೆ ಹಂಚುವ ಸ್ವಿಚ್ ಕೂಡ ಸಾಫ್ಟ್‌ವೇರಿನದೇ. ದೀಪವಿಲ್ಲ, ವೈರಿಲ್ಲ, ಕಣ್ಣಿಗೆ ಕಾಣುವುದಿಲ್ಲ.

ನನಗೆ ಇದು ತಲೆಗೆ ಹತ್ತಿರಲಿಲ್ಲ. ಹತ್ತಿಸಿದವಳು ಪಾಲಮ್ಮ. ಅವಳು ನಮ್ಮಲ್ಲಿ ನೆಲ ಒರೆಸುವ, ಟೀ ತರುವ, ಎಲ್ಲರ ತಲೆನೋವಿಗೂ ಶುಂಠಿ ಜಜ್ಜಿ ಕೊಡುವ ಹೆಂಗಸು. ಐಮಂಗಲದ ಕುರಿ ಸಾಕುವವರ ಮನೆಯವಳು. ಗಂಡ ತೀರಿಕೊಂಡ ಮೇಲೆ ಅಲ್ಲೇ ತಮ್ಮ ಚಿತ್ತಯ್ಯನ ಜೊತೆ ಇದ್ದು, ದಿನಾ ಬೆಳಗಿನ ಬಸ್ಸಿಗೆ ದುರ್ಗಕ್ಕೆ ಬರುತ್ತಿದ್ದಳು. ಒಂದು ದಿನ ಸರ್ವರ್ ಕೋಣೆ ಒರೆಸುತ್ತ ಈ ಪೆಟ್ಟಿಗೆ ಏನು ಮಾಡುತ್ತದೆ ಎಂದು ಕೇಳಿದಳು. ಕಲ್ಲೇಶ ಹೇಳಿದ: ಮೂರೂ ಊರಿನದು ಒಂದೇ ವೈರಿನಲ್ಲಿ ಬರುತ್ತದೆ, ಕಲಸಿಹೋಗದಿರಲಿ ಅಂತ ಪ್ರತಿಯೊಂದರ ಮೇಲೂ ನಂಬರಿನ ಗುರುತು ಹಾಕಿರುತ್ತೇವೆ. ಹಿರಿಯೂರಿಗೆ ಇಪ್ಪತ್ತು, ಹೊಸದುರ್ಗಕ್ಕೆ ಮೂವತ್ತು, ಹೊಳಲ್ಕೆರೆಗೆ ನಲವತ್ತು.

“ನಮ್ ರೊಪ್ಪದಾಗೂ ಹಂಗೇ” ಎಂದಳು ಪಾಲಮ್ಮ. “ಮೂರು ಮನೆ ಕುರಿ ಒಂದೇ ರೊಪ್ಪಕ್ಕೆ ಕೂಡ್ತೀವಿ. ಬೆನ್ನ ಮ್ಯಾಲೆ ಬಣ್ಣ ಇರ್ತೈತೆ, ಬಾಗ್ಲಾಗೆ ಒಬ್ಬ ನಿಂತು ನೋಡಿ ಬಿಡ್ತಾನೆ. ಇದ್ರಾಗೆ ಬಾಗ್ಲಾಗೆ ನಿಂತೋನು ಯಾರು?”

“ಒಂದು ಪಟ್ಟಿ ಐತೆ ಪಾಲಮ್ಮ. ಪಟ್ಟೀಲಿರೋ ನಂಬರನ್ನ ಬಿಡ್ತೈತೆ, ಇಲ್ದಿದ್ರೆ ಅಲ್ಲೇ ನಿಲ್ಲಿಸ್ತೈತೆ.”

“ಪಟ್ಟಿ ಬರೆಯೋರು?”

“ನಾನೇ.”

ಪಾಲಮ್ಮ ತಲೆಯಾಡಿಸಿ ಬಕೆಟ್ಟು ಎತ್ತಿಕೊಂಡಳು. ಅವಳಿಗೆ ಅಷ್ಟು ಸಾಕಾಗಿತ್ತು, ಮತ್ತೆ ಆ ಪೆಟ್ಟಿಗೆಯ ಬಗ್ಗೆ ಏನೂ ಕೇಳಲಿಲ್ಲ.

ಅವಳ ಕೈಗುಣದ ಬಗ್ಗೆ ಹೇಳಬೇಕು. ನಮ್ಮಲ್ಲಿ ಹೊಸ ಮಷೀನು ಬಂದರೆ ಮೊದಲು ಗುಂಡಿ ಒತ್ತುವುದು ಪಾಲಮ್ಮನ ಕೈ. ಆಡಳಿತ ನೋಡುವ ಲಕ್ಷ್ಮೀಕಾಂತ್ ಕೂಡ ಅವಳನ್ನು ಕರೆಸಿಯೇ ಹೊಸ ರಿಜಿಸ್ಟರ್ ತೆರೆಸುತ್ತಿದ್ದರು. ನರ ಸಿಗದೆ ಅಳುವ ಮಗುವಿನ ಮುಂಗೈಯನ್ನು ಅವಳು ಹಿಡಿದುಕೊಂಡರೆ ನನ್ನ ಸೂಜಿ ಒಂದೇ ಸಲಕ್ಕೆ ಇಳಿಯುತ್ತಿತ್ತು. ನಾನು ವಿಜ್ಞಾನ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ. ಮಗು ಅತ್ತಾಗ ಅವಳನ್ನೇ ಕೂಗುತ್ತಿದ್ದೆ. ಓದು ಬರಹ ಬಾರದ ಆ ಹೆಂಗಸಿಗೆ ಇಡೀ ಲ್ಯಾಬಿನಲ್ಲಿ ಇದ್ದ ಒಂದೇ ಹೆಸರು ಅದು, ಅವಳ ಕೈ ಒಳ್ಳೆಯದು ಎಂಬುದು.

ಆಯುಧಪೂಜೆಗೆ ನಮ್ಮಲ್ಲಿ ಮಷೀನುಗಳನ್ನೆಲ್ಲ ಆರಿಸುತ್ತೇವೆ. ವರ್ಷಪೂರ್ತಿ ದುಡಿದ ಆಯುಧಕ್ಕೆ ಒಂದು ದಿನ ವಿಶ್ರಾಂತಿ. ತುರ್ತಿಗೆಂದು ಒಂದೇ ಒಂದು ಸಣ್ಣ ಮಷೀನು ಬಿಟ್ಟು, ಸೂಕ್ಷ್ಮದರ್ಶಕದಿಂದ ಹಿಡಿದು ಜನರೇಟರಿನವರೆಗೆ ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಮಂಡಕ್ಕಿ ಕಡಲೆ ಹಂಚಿ ಮನೆಗೆ ಹೋದರೆ ಮಾರನೆಯ ದಿನ ವಿಜಯದಶಮಿಯಂದು ಮತ್ತೆ ಚಾಲೂ. ಸರ್ವರಿಗೆ ಯುಪಿಎಸ್ ಇದೆ, ಜನರೇಟರ್ ಇದೆ, ಕರೆಂಟು ಹೋದರೂ ಅದು ಆರುವುದಿಲ್ಲ. ವರ್ಷದಲ್ಲಿ ಅದು ಕಣ್ಣು ಮುಚ್ಚುವುದು ಈ ಒಂದೇ ದಿನ. ಆ ಬುಧವಾರ ಕಲ್ಲೇಶನೇ ಅದನ್ನು ಆರಿಸಿದ, ಪಾಲಮ್ಮ ಒದ್ದೆಬಟ್ಟೆಯಿಂದ ಒರೆಸಿ, ಕುಂಕುಮವಿಟ್ಟು, ಹೂವಿನ ಸರ ಹಾಕಿದಳು.

ಗುರುವಾರ ಕಾಯಿ ಒಡೆದು ಸರ್ವರ್ ಹಚ್ಚಿದರೆ ಹಿರಿಯೂರು ಬಂತು, ಹೊಸದುರ್ಗ ಬಂತು, ಹೊಳಲ್ಕೆರೆ ಬರಲಿಲ್ಲ.

ಹೊಳಲ್ಕೆರೆ ಕೇಂದ್ರ ನೋಡಿಕೊಳ್ಳುವ ಮೌನಿಕಾ ಫೋನ್ ಮಾಡಿದಳು. ಕಲ್ಲೇಶ ಕೋಣೆಯೊಳಗೆ ಹೋದ, ಹೊರಗೆ ಬಂದ, ಮತ್ತೆ ಹೋದ. ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದೆವು. ಲಕ್ಷ್ಮೀಕಾಂತ್ ಕೇಳಿದರು, “ಏನಾಗೈತಪ್ಪ?” ಕಲ್ಲೇಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅವನ ಬಾಯಿ ಅವನ ಕಾಲಿನ ಹಾಗೆಯೇ, ಸುಮ್ಮನಿರದು. ಸರ್ವರಿನ ಹಿಂಬದಿಯಲ್ಲಿ ವೈರು ಸಿಕ್ಕಿಸುವ ತೂತಿನ ಅಂಚಿಗೆ ಕುಂಕುಮ ಹತ್ತಿದ್ದು ಕಂಡು ಅಂದೇಬಿಟ್ಟ:

“ಒರೆಸೋವಾಗ ನೀರು ತಾಗಿರ್ಬೋದು ಸಾರ್.”

ಅಷ್ಟೇ. ಹೇಳಿದವನು ಅದನ್ನು ಆಗಲೇ ಮರೆತು ಕೆಲಸಕ್ಕೆ ಬಗ್ಗಿದ. ಕೇಳಿದವರು ಮರೆಯಲಿಲ್ಲ. ಪಾಲಮ್ಮ ಗುಂಪಿನ ಹಿಂದೆಯೇ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದಳು. ಅವಳು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡದ್ದನ್ನು ನಾನು ಕಂಡೆ.

ಅವಳು ಒರೆಸುವುದಕ್ಕೂ ಹೊಳಲ್ಕೆರೆ ನಿಲ್ಲುವುದಕ್ಕೂ ಸರಿಹೋಗಿತ್ತು, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಆದ ಹಾಗೆ. ಶುಕ್ರವಾರ ಬೆಳಿಗ್ಗೆ ಒಂದು ಮಗು ಅತ್ತಾಗ ಪಾಲಮ್ಮ ಅದರ ಕೈ ಹಿಡಿಯಲು ಬಂದಳು. ತಾಯಿ ಹೊಸಬಳು, ಏನೂ ತಿಳಿಯದವಳು, ಬೇಡವೆನ್ನಲಿಲ್ಲ. ಸ್ವಾಗತದ ಮೇಜಿನ ಪಲ್ಲವಿ ಮಾತ್ರ, “ಪಾಲಮ್ಮ, ನೀವ್ ಬೇಡ ಇವತ್ತು” ಎಂದಳು. ನಾನು ಕೆಟ್ಟವಳಲ್ಲ ಎಂದುಕೊಂಡಿದ್ದೇನೆ. ಆದರೆ ಅದೇ ದಿನ ಪಾಲಮ್ಮ ಎಂದಿನಂತೆ ನನ್ನ ಸ್ಯಾಂಪಲ್ ಟ್ರೇ ಎತ್ತಿಕೊಡಲು ಬಂದಾಗ ಟ್ರೇಯನ್ನು ನನ್ನ ಕಡೆಗೆ ಎಳೆದುಕೊಂಡೆ. “ಇರ್ಲಿ ಬಿಡು, ನಾನೇ ತಗೊಂತೀನಿ” ಎಂದೆ. ಎಳೆದುಕೊಂಡ ಮೇಲೆ ನನಗೇ ನಾಚಿಕೆಯಾಯಿತು. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು.

ಮಧ್ಯಾಹ್ನ ಲಕ್ಷ್ಮೀಕಾಂತ್ ಅವಳನ್ನು ಕರೆಸಿದರು. ಸೋಮವಾರ ಆಡಳಿತ ಮಂಡಳಿಯ ಸಭೆ, ಅಲ್ಲಿ ತೀರ್ಮಾನವಾಗುವತನಕ ಬರುವುದು ಬೇಡ ಎಂದರು. ಗುತ್ತಿಗೆಯ ಕೆಲಸ. ಬೇಡವೆಂದರೆ ಏಜೆನ್ಸಿಯವರು ಬೇರೆಯವರನ್ನು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಪಾಲಮ್ಮ ಬ್ಯಾಗು ತೆಗೆದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

“ಕೆಲ್ಸ ಹೋದ್ರೆ ಹೋಗ್ಲಿ ಮಂಗಳಮ್ಮ. ಪೂಜೆ ಮಾಡಿದ ಕೈ ಕೆಡಿಸ್ತು ಅಂದ್ರಲ್ಲ, ಅದನ್ನ ಎಲ್ಲಿ ಹೋಗಿ ತೊಳಕಳ್ಳಿ?”

ನಾನು ಟ್ರೇಯಲ್ಲಿದ್ದ ಟ್ಯೂಬುಗಳನ್ನು ಸುಮ್ಮನೆ ಸರಿಸುತ್ತ ಕೂತೆ.

ಆ ಹೊತ್ತಿಗೆ ಕಲ್ಲೇಶ ಊರಲ್ಲಿರಲಿಲ್ಲ. ಬೆಳಿಗ್ಗೆಯೇ ಬೈಕ್ ಹತ್ತಿ ಹೊಳಲ್ಕೆರೆಗೆ ಹೋಗಿದ್ದ. ಮೌನಿಕಾಳ ಕಂಪ್ಯೂಟರ್ ನೋಡಿದ, ವೈರು ಬದಲಿಸಿದ, ರೂಟರ್ ಬದಲಿಸಿದ. ಅಲ್ಲೆಲ್ಲ ಸರಿಯಿತ್ತು. ಅಷ್ಟರಲ್ಲಿ ಮೌನಿಕಾ ಕಾಗದದಲ್ಲಿ ಹೆಸರು ಬರೆದು, ಸ್ಯಾಂಪಲ್ ಡಬ್ಬಿಯ ಜೊತೆ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದಳು. ನಾವು ಇಲ್ಲಿಂದ ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳುತ್ತಿದ್ದೆವು. ಫೋನಿನಲ್ಲಿ ಅಂಕಿ ಓದುವಾಗ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ, ಯಾರ ಸಕ್ಕರೆ ಯಾರ ಹೆಸರಿಗೆ ಹೋಯಿತೋ ಎಂದು ಎರಡೆರಡು ಸಲ ಓದಿಸುತ್ತಿದ್ದೆ.

ಸಂಜೆ ಕಲ್ಲೇಶ ವಾಪಸು ಬಂದು ಟೀಗೆ ಕೂಗಿದ. “ಪಾಲಮ್ಮ” ಎಂದು ಎರಡು ಸಲ ಕರೆದ. ಪಲ್ಲವಿ ಹೇಳಿದಳು, ಅವರನ್ನು ಕಳಿಸಿಬಿಟ್ಟರು ಎಂದು. ಯಾಕೆ ಎಂದು ಕೇಳಿದ. ನನಗೆ ತಡೆಯಲಾಗಲಿಲ್ಲ.

“ನೀನೇ ಅಂದ್ಯಲ್ಲಪ್ಪ, ನೀರು ತಾಗಿರ್ಬೋದು ಅಂತ.”

“ಇರ್ಬೋದು ಅಂದೆ ಅಕ್ಕ. ಐತೆ ಅನ್ಲಿಲ್ಲ.”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಸೋಮವಾರದೊಳಗೆ ಏನಾಗೈತೆ ಅಂತ ಹುಡುಕು. ಇಲ್ದಿದ್ರೆ ಆ ಹೆಂಗ್ಸು ಈ ಮೆಟ್ಲು ಹತ್ತೋದಿಲ್ಲ.”

ಅವನ ಮುಖ ಬಿಳಿಚಿತು. ಆಮೇಲೆ ಎರಡು ದಿನ ಅವನು ಓಡಾಡಿದ್ದನ್ನು ನೋಡಿ ನನಗೇ ತಲೆ ಸುತ್ತಿತು. ಶನಿವಾರ ಬೆಳಿಗ್ಗೆ, ಕುಂಕುಮ ಹತ್ತಿದ್ದ ತೂತಿರುವ ನೆಟ್ವರ್ಕ್ ಕಾರ್ಡನ್ನೇ ಬಿಚ್ಚಿ ತೆಗೆದು ಹೊಸದು ಹಾಕಿದ. ಹೊಳಲ್ಕೆರೆ ಬರಲಿಲ್ಲ. ಹಳೆಯದನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ, ಅದು ಚೆನ್ನಾಗಿಯೇ ಓಡಿತು. ಅಂದರೆ ನೀರು ತಾಗಿರಲಿಲ್ಲ. ಈ ಮಾತನ್ನು ಹಿಡಿದುಕೊಂಡು ಲಕ್ಷ್ಮೀಕಾಂತರ ಹತ್ತಿರ ಓಡಿದ. ಅವರು ಕೇಳಿದ್ದು ಒಂದೇ: “ಹಂಗಾದ್ರೆ ಏನಾಗೈತೆ? ಪೂಜೆ ಹಿಂದಿನ ದಿನ ಸರಿ ಇತ್ತು, ಪೂಜೆ ಆದ್ಮೇಲೆ ಇಲ್ಲ. ನಡುವೆ ಮುಟ್ಟಿದೋರು ಯಾರು?” ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ಉತ್ತರ ಸಿಗುವವರೆಗೆ ಬೆರಳು ಪಾಲಮ್ಮನ ಕಡೆಗೇ ಇರುತ್ತಿತ್ತು.

ಅವನು ತಾರಸಿಗೆ ಹೋಗಿ ಜೋಗಿಮಟ್ಟಿ ಬೆಟ್ಟದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ, ಅರ್ಧ ನಿಮಿಷಕ್ಕೆ ಇಳಿದು ಬರುತ್ತಿದ್ದ. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸುತ್ತಿದ್ದ. ಹೊಳಲ್ಕೆರೆಯ ವರ್ಚುಯಲ್ ಮಷೀನನ್ನು ಅಳಿಸಿ ಹೊಸದಾಗಿ ಮಾಡಿದ. ಊಟದ ಡಬ್ಬಿ ತೆರೆದು ಮುಚ್ಚಿದ. ಅವನ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಹೋಗುತ್ತ ಬರುತ್ತ ಇರುವಾಗ ನಾನು ರಕ್ತದ ಕಣ ಎಣಿಸುತ್ತಿದ್ದೆ, ಮೂರು ಸಲ ಲೆಕ್ಕ ತಪ್ಪಿತು. ಇಡೀ ಲ್ಯಾಬಿಗೇ ಅವನ ಚಡಪಡಿಕೆ ಹತ್ತಿತ್ತು. ಪಲ್ಲವಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮುರಿದೇಬಿಟ್ಟಳು.

ಭಾನುವಾರ ಅರ್ಧ ದಿನ ಕೆಲಸ. ಹನ್ನೊಂದರ ಹೊತ್ತಿಗೆ ನಾನು ಸರ್ವರ್ ಕೋಣೆಗೇ ಹೋದೆ. ಎರಡು ಕುರ್ಚಿ ಎಳೆದು ಒಂದರಲ್ಲಿ ಕೂತೆ.

“ಕುಂತ್ಕಳಪ್ಪ. ನನಗೆ ತಿಳಿಯೋ ಹಂಗೆ ಹೇಳು. ಎಲ್ಲಿಂದ ಹೊರಟು ಎಲ್ಲಿ ಕಳೆದುಹೋಗ್ತೈತೆ?”

ಅವನು ಕೂರಲಿಲ್ಲ. ನಿಂತೇ ಹೇಳಿದ. ಹೊಳಲ್ಕೆರೆಯಿಂದ ಹೊರಡುವುದು ಸರಿ. ದಾರಿಯಲ್ಲಿ ಬರುವುದು ಸರಿ. ಈ ಸರ್ವರಿನ ಬೆನ್ನಿಗೆ ಬಂದು ಮುಟ್ಟುವುದನ್ನು ಅವನು ಕಣ್ಣಾರೆ ನೋಡಿದ್ದಾನೆ, ಅದನ್ನು ತೋರಿಸುವ ಸಾಫ್ಟ್ವೇರೇ ಇದೆ, ಬಂದದ್ದರ ಮೇಲೆ ನಲವತ್ತರ ಗುರುತೂ ಇದೆ. ಒಳಗಿನ ಮಷೀನಿನ ಕಡೆಯಿಂದ ನೋಡಿದರೆ ಮಾತ್ರ ಒಂದೂ ಬಂದಿಲ್ಲ.

“ಅಂದ್ರೆ ರೊಪ್ಪದ ಬಾಗ್ಲ ತನಕ ಬಂದೈತೆ” ಎಂದೆ. “ಬಾಗ್ಲಾಗೆ ಯಾರು ನಿಂತಿರೋದು? ಪಾಲಮ್ಮ ಕೇಳಿದ್ಲಲ್ಲ.”

“ಪಟ್ಟಿ.”

“ಪಟ್ಟಿ ನೋಡ್ದ್ಯಾ?”

“ಪಟ್ಟೀಲಿ ನಲವತ್ತು ಐತೆ ಅಕ್ಕ, ನಾನೇ ಸೇರ್ಸೀನಿ” ಎಂದು ಹಣೆ ಮುಟ್ಟಿಕೊಂಡ.

“ಹಣೆಯಾಗೆ ಬೇಡ. ಪೆಟ್ಟಿಗೆಯಾಗೆ ತೋರಿಸು.”

ಕೀಬೋರ್ಡಿನಲ್ಲಿ ಒಂದು ಸಾಲು ಬಡಿದ. ತೆರೆಯ ಮೇಲೆ ಪಟ್ಟಿ ಬಂತು. ಇಪ್ಪತ್ತು. ಮೂವತ್ತು. ಅಷ್ಟೇ, ಅದರ ಕೆಳಗೆ ಖಾಲಿ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ನಗಬೇಕೆನ್ನಿಸಿತು, ಅವನ ಮುಖ ನೋಡಿ ನಗಲಿಲ್ಲ. ಅವನ ಬೆರಳುಗಳು ತಾವಾಗಿಯೇ ಇನ್ನೊಂದು ಸಾಲು ಬಡಿದವು. ಪಟ್ಟಿಯಲ್ಲಿ ನಲವತ್ತು ಬಂತು. ಎರಡು ನಿಮಿಷದಲ್ಲಿ ಮೌನಿಕಾಳ ಫೋನ್, “ಸಾರ್, ಬಂತು.” ನಾನು ಎದ್ದೆ. ಸಂತೋಷವಾಗಿತ್ತು. ಅವನು ಮಾತ್ರ ತೆರೆಯನ್ನೇ ನೋಡುತ್ತಿದ್ದ.

“ಯಾರು ಅಳಿಸಿದ್ರಪ್ಪ ಅದನ್ನ?” ಎಂದು ಕೇಳಿದೆ.

ಅವನು ಆ ಯಂತ್ರದಲ್ಲಿ ಹಿಂದೆ ಬಡಿದ ಸಾಲುಗಳೆಲ್ಲ ಉಳಿದಿರುವ ಕಡತ ತೆರೆದು ಹಿಂದಕ್ಕೆ ಹಿಂದಕ್ಕೆ ಹೋದ. ಜನವರಿ ಹದಿನಾರಕ್ಕೆ ನಿಂತ. ಈಗ ಬಡಿದ ಅದೇ ಸಾಲು, ಅಕ್ಷರ ತಪ್ಪದೆ, ಅಲ್ಲಿತ್ತು.

ಅದು ಹೊಳಲ್ಕೆರೆ ಕೇಂದ್ರ ಶುರುವಾದ ದಿನ. ಅಲ್ಲಿ ಅತಿಥಿಗಳು ರಿಬ್ಬನ್ ಮುಂದೆ ಕಾಯುತ್ತಿದ್ದರು, ಲಕ್ಷ್ಮೀಕಾಂತ್ ಫೋನಿನ ಮೇಲೆ ಫೋನ್ ಮಾಡುತ್ತಿದ್ದರು. ಇವನು ಇಲ್ಲಿ ನಿಂತುಕೊಂಡೇ ಆ ಸಾಲು ಬಡಿದು, ಬಂತು ಎಂದು ಕೂಗಿ, ಬೈಕ್ ಹತ್ತಿ ಊಟಕ್ಕೆ ಹೊಳಲ್ಕೆರೆಗೆ ಓಡಿದ್ದ. ಹಾಗೆ ಬಡಿದದ್ದು ಯಂತ್ರ ಎಚ್ಚರವಾಗಿರುವಷ್ಟು ಹೊತ್ತು ಮಾತ್ರ ಅದರ ನೆನಪಿನಲ್ಲಿರುತ್ತದೆ. ಶಾಶ್ವತವಾಗಿ ಉಳಿಯಬೇಕಾದರೆ ಇನ್ನೊಂದು ಕಡತದಲ್ಲಿ ಬರೆದಿಡಬೇಕು. ನಾಳೆ ಬರೆದರಾಯಿತು ಎಂದುಕೊಂಡಿದ್ದ. ಯಂತ್ರ ಒಂಬತ್ತು ತಿಂಗಳು ಕಣ್ಣು ಮುಚ್ಚಲಿಲ್ಲ, ಆದ್ದರಿಂದ ಮರೆಯಲೂ ಇಲ್ಲ. ಆಯುಧಪೂಜೆಗೆ ಆರಿಸಿದೆವು. ಎದ್ದಾಗ ಕಡತದಲ್ಲಿ ಬರೆದಿದ್ದಷ್ಟೇ ಅದಕ್ಕೆ ಗೊತ್ತಿತ್ತು.

ಇಷ್ಟನ್ನು ತುಂಡುತುಂಡಾಗಿ ಹೇಳಿ ಮುಗಿಸುವಾಗ ಕಲ್ಲೇಶ ಕುರ್ಚಿಯಲ್ಲಿ ಕೂತಿದ್ದ. ಯಾವಾಗ ಕೂತನೋ ನಾನು ಗಮನಿಸಿರಲಿಲ್ಲ. ಎರಡೂ ಪಾದ ನೆಲದ ಮೇಲಿದ್ದವು.

“ಯಾರೂ ಅಳಿಸ್ಲಿಲ್ಲ ಅಕ್ಕ” ಎಂದ. “ನಾನು ಬರೀಲೇ ಇಲ್ಲ.”

ಸೋಮವಾರ ಸಭೆಗೆ ಮುಂಚೆ ಅವನು ಲಕ್ಷ್ಮೀಕಾಂತರಿಗೆ ಎಲ್ಲ ಹೇಳಿದ. ನಾನೂ ಜೊತೆಗಿದ್ದೆ. ಲಕ್ಷ್ಮೀಕಾಂತ್ ಕೆಟ್ಟ ಮನುಷ್ಯರಲ್ಲ, ತೊಂದರೆ ಬೇಡದ ಮನುಷ್ಯರು. ಸ್ವಲ್ಪ ಹೊತ್ತು ಮೇಜಿನ ಗಾಜು ಒರೆಸಿದರು.

“ಕಾರ್ಡ್ ಬದಲಾಯ್ಸಿ ಆಗೈತಲ್ಲ. ಕಾರ್ಡ್ ಹೋಗಿತ್ತು ಅಂತ ಬರೆದು ಮುಗಿಸಾಣ. ನಿನ್ನ ಹೆಸ್ರು ಯಾಕೆ ಕೆಡಬೇಕು? ಸರ್ಟಿಫಿಕೇಟ್ ಇಲ್ದೋನು ಅಂತ ಮಂಡಳೀಲಿ ಮೊದ್ಲೇ ಮಾತು ಐತೆ.”

“ಕಾರ್ಡ್ ಯಾಕೆ ಹೋಯ್ತು ಅಂತ ಕೇಳ್ತಾರೆ ಸಾರ್.”

“ಹಳೇದಾಗಿತ್ತು ಅನ್ನು.”

“ನೀರು ಬಿದ್ದು ಹೋಯ್ತು ಅಂತ್ಲೇ ಅಂದ್ಕಂತಾರೆ. ನಾನೇ ಹಂಗಂದೀನಿ.”

ಅವನ ಕಾಲು ಕುಣಿಯತೊಡಗಿತ್ತು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಸಭೆಯಲ್ಲಿ ಅವನು ಐದೇ ವಾಕ್ಯ ಹೇಳಿದನಂತೆ. ಮಂಡಳಿ ಅವನಿಗೆ ಮೆಮೊ ಕೊಟ್ಟಿತು, ಇನ್ನು ಮುಂದೆ ಮಾಡಿದ್ದನ್ನೆಲ್ಲ ಬರೆದಿಡಬೇಕು, ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು. ಪಾಲಮ್ಮ ಬರಬಹುದು ಎಂದಿತು. ಏಜೆನ್ಸಿಯವರು ಫೋನ್ ಮಾಡಿದರೆ ಅವಳು, ಬರುವುದಿಲ್ಲ ಎಂದಳು.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ ನಾನು, ಕಲ್ಲೇಶ ಬಸ್ಸಿನಲ್ಲಿ ಐಮಂಗಲಕ್ಕೆ ಹೋದೆವು. ಅರ್ಧ ಗಂಟೆಯ ದಾರಿ. ಸೀಟು ಖಾಲಿಯಿದ್ದರೂ ಅವನು ಕಂಬಿ ಹಿಡಿದು ನಿಂತೇ ಬಂದ. ಹೆದ್ದಾರಿಯಿಂದ ಒಳಗೆ ನಡೆದು ಹೋದರೆ ಮುಳ್ಳಿನ ಬೇಲಿಯ ರೊಪ್ಪ, ಪಕ್ಕದಲ್ಲಿ ಮನೆ. ಪಾಲಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವಳ ತಮ್ಮ ಚಿತ್ತಯ್ಯ ನಮ್ಮನ್ನು ನೋಡಿ ಕಂಬಳಿ ಹಾಸಿದ. “ಬರ್ರಿ, ಕುಂತ್ಕಳ್ರಿ” ಎಂದ. ದನಿಯಲ್ಲಿ ಬಿಗಿಯಿತ್ತು.

ಕಲ್ಲೇಶ ಕಂಬಳಿಯ ಅಂಚಿನಲ್ಲಿ ನಿಂತುಕೊಂಡೇ ಶುರುಮಾಡಿದ. ಪಟ್ಟಿ, ನಲವತ್ತು, ಬರೆಯದೆ ಬಿಟ್ಟದ್ದು, ಎಲ್ಲ. ಪಾಲಮ್ಮ ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

“ಹಂಗಾದ್ರೆ ಆರಿಸಿದ್ದಕ್ಕೆ ನಿಮ್ ತಪ್ಪು ಸಿಕ್ತು ಅನ್ರಿ.”

“ಹೌದು ಪಾಲಮ್ಮ.”

“ಇದನ್ನ ಯಾರ ಮುಂದೆ ಹೇಳಿದ್ರಿ?”

“ಮಂಡಳಿ ಮುಂದೆ ಹೇಳೀನಿ. ಬರೆದೂ ಕೊಟ್ಟೀನಿ.”

“ಮಂಡ್ಳಿಯೋರು ನನ್ ಕೈಲಿ ಟೀ ಕುಡೀತಾರೇನ್ರಿ?” ಎಂದಳು. “ಅವತ್ತು ನೀವು ಆ ಮಾತಂದಾಗ ಬಾಗ್ಲಾಗೆ ಹನ್ನೆರಡು ಜನ ನಿಂತಿದ್ರು. ನಾನು ಎಣಿಸೀನಿ. ಮಂಗಳಮ್ಮನೂ ಇದ್ಲು. ಮಾರನೇ ದಿನ ಟ್ರೇ ಎಳಕಂಡ್ಲು.”

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳ ದನಿ ಸ್ವಲ್ಪ ಇಳಿಯಿತು.

“ನಾನು ಬಂದು ನೆಲ ಒರೆಸ್ಬೋದು. ಎಲ್ರೂ ನನ್ ಕೈಯನ್ನೇ ನೋಡ್ತಿದ್ರೆ ಹೆಂಗೆ ಒರೆಸ್ಲಿ ಹೇಳ್ರಿ.”

ಕಲ್ಲೇಶ ರೊಪ್ಪದ ಬಾಗಿಲ ತನಕ ಹೋದ, ವಾಪಸು ಬಂದ. ಮತ್ತೆ ಹೋದ. ಚಿತ್ತಯ್ಯ ಅವನನ್ನೇ ನೋಡುತ್ತಿದ್ದ, ಕುರಿಗಳೂ ನೋಡುತ್ತಿದ್ದವು. ಮೂರನೆಯ ಸಲ ಬಂದು ಹೇಳಿದ:

“ಗುರುವಾರ ಬರ್ರಿ ಪಾಲಮ್ಮ. ಆ ಹನ್ನೆರಡು ಜನದ ಮುಂದೇನೇ ಸರ್ವರ್ ಆರಿಸ್ತೀನಿ. ನೀವು ಹಚ್ರಿ.”

ವಾಪಸು ಬರುವಾಗ ಬಸ್ಸಿನಲ್ಲಿ, “ಹೊಳಲ್ಕೆರೆ ಮತ್ತೆ ಬರ್ಲಿಲ್ಲ ಅಂದ್ರೆ ಏನಪ್ಪ ಗತಿ?” ಎಂದು ಕೇಳಿದೆ. “ಒಂದ್ಸಲ ಮೊದ್ಲೇ ಆರಿಸಿ ನೋಡ್ಕಳ್ಳೋಕೆ ಆಗಲ್ವಾ?”

“ಆಗಲ್ಲ ಅಕ್ಕ. ಮೂರೂ ಊರು ನಿಲ್ತಾವೆ. ಮಂಡಳಿಯೋರು ಒಪ್ಪಿದ್ರೂ ಒಂದೇ ಸಲಕ್ಕೆ ಒಪ್ಪೋದು.”

ಬುಧವಾರ ಅವನು ಒಂದು ನೋಟ್‌ಬುಕ್ ಕೊಂಡು ತಂದ. ಇಡೀ ದಿನ ಬರೆದ. ಯಂತ್ರದ ಕಡತದಲ್ಲೂ ಬರೆದ, ನೋಟ್‌ಬುಕ್ಕಿನಲ್ಲೂ ಬರೆದ. ನಡುನಡುವೆ ಬಂದು ನನಗೆ ತೋರಿಸಿ ಹೋಗುತ್ತಿದ್ದ, ನನಗೇನು ತಿಳಿಯುತ್ತದೆ. “ನಲವತ್ತು ಐತಾ ನೋಡಕ್ಕ” ಎನ್ನುತ್ತಿದ್ದ. ನಾನು ಬೆರಳಿಟ್ಟು ನೋಡಿ, ಐತಪ್ಪ ಎನ್ನುತ್ತಿದ್ದೆ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಎಲ್ಲರನ್ನೂ ಕರೆದ. ಆ ದಿನ ಬಾಗಿಲಲ್ಲಿದ್ದವರೆಲ್ಲ ಬಂದರು, ಲಕ್ಷ್ಮೀಕಾಂತರೂ ಬಂದರು. ಪಾಲಮ್ಮ ಬಂದಿದ್ದಳು, ಹೊಸ್ತಿಲಾಚೆ ನಿಂತಿದ್ದಳು. ಕಲ್ಲೇಶ ಸರ್ವರ್ ಆರಿಸಿದ. ಫ್ಯಾನಿನ ಸದ್ದು ನಿಂತು ಕೋಣೆ ಬಿಕೋ ಎಂದಿತು.

“ಹೋದ ಗುರುವಾರ ಇಲ್ಲೇ ನಿಂತು ನೀರು ತಾಗಿರ್ಬೋದು ಅಂದೆ” ಎಂದ ಕಲ್ಲೇಶ. “ತಾಗಿರ್ಲಿಲ್ಲ. ನಾನು ಬರೆದಿಡಬೇಕಾಗಿದ್ದನ್ನ ಬರೆದಿಡ್ಲಿಲ್ಲ, ಅದಕ್ಕೇ ಹೊಳಲ್ಕೆರೆ ಹೋಯ್ತು. ಈಗ ಪಾಲಮ್ಮ ಹಚ್ತಾರೆ. ಹೊಳಲ್ಕೆರೆ ಬರ್ಲಿಲ್ಲ ಅಂದ್ರೆ ಅದು ನನ್ನ ಬರಹದ ತಪ್ಪು, ಅವರ ಕೈದಲ್ಲ.”

ಮಾತೇನೋ ಸರಿಯಾಗಿತ್ತು. ಆದರೆ ಬರದೇ ಹೋದರೆ ಆ ಕೊನೆಯ ವಾಕ್ಯ ಯಾರಿಗೂ ನೆನಪಿರುವುದಿಲ್ಲ ಎಂದು ನನಗೂ ಗೊತ್ತಿತ್ತು, ಪಾಲಮ್ಮನಿಗೂ ಗೊತ್ತಿತ್ತು. ಅವಳು ಹೊಸ್ತಿಲ ಮೇಲೆ ತುಸು ಹೊತ್ತು ನಿಂತಳು. ಕಲ್ಲೇಶನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನಾನು ಹೋಗಿ ಅವಳ ಕೈ ಹಿಡಿದೆ. ತಣ್ಣಗಿತ್ತು. ಒಳಗೆ ಬಂದು ಗುಂಡಿ ಒತ್ತಿದಳು.

ಆ ಯಂತ್ರ ಏಳಲು ನಾಲ್ಕೈದು ನಿಮಿಷ ಬೇಕು. ಫ್ಯಾನು ಜೋರಾಗಿ ಕೂಗಿ ಆಮೇಲೆ ತಣ್ಣಗಾಯಿತು. ತೆರೆಯ ಮೇಲೆ ಬಿಳಿ ಸಾಲುಗಳು ಓಡಿದವು. ಕಲ್ಲೇಶ ಹೋಗಿ ಗೋಡೆಗೆ ಒರಗಿ ನೆಲದ ಮೇಲೆ ಕೂತ, ಕೈ ಕಟ್ಟಿಕೊಂಡು, ಅಲುಗದೆ. ನನ್ನ ಬಹುಮಾನ ಯಾರಿಗೆ ಸಲ್ಲಬೇಕೋ ತಿಳಿಯದು. ಪಾಲಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಹಿರಿಯೂರು ಬಂತು ಎಂದು ಪಲ್ಲವಿ ಹೊರಗಿನಿಂದ ಹೇಳಿದಳು. ಹೊಸದುರ್ಗ ಬಂತು ಎಂದಳು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಲಕ್ಷ್ಮೀಕಾಂತ್ ಕೆಮ್ಮಿದರು. ಯಾರೋ ಹಿಂದೆ ಸರಿಯುವ ಚಪ್ಪಲಿಯ ಸದ್ದು ಕೇಳಿಸಿತು.

ಕಲ್ಲೇಶನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವನು ಎದ್ದೇಳಲಿಲ್ಲ. ಕೂತಲ್ಲಿಂದಲೇ ಎಲ್ಲರಿಗೂ ಕೇಳುವ ಹಾಗೆ ಹಚ್ಚಿ ಹಿಡಿದ.

“ಸಾರ್, ಮೌನಿಕಾ. ನಮ್ದು ಬಂತು.”

ಎಲ್ಲರೂ ಪಾಲಮ್ಮನ ಕಡೆ ತಿರುಗಿದರು. ಪಲ್ಲವಿ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ನಿಮ್ಮ ಕೈಗುಣ ಎಂದರೆ ಕೈಗುಣ ಪಾಲಮ್ಮ ಎಂದರು ಲಕ್ಷ್ಮೀಕಾಂತ್. ಪಾಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡು, ಸೆರಗಿಗೆ ಒರೆಸಿಕೊಂಡು, ನೆಲದ ಮೇಲೆ ಕೂತಿದ್ದವನನ್ನು ಮೊದಲ ಸಲ ನೇರವಾಗಿ ನೋಡಿದಳು.

“ಕೈಗುಣ ಏನಿಲ್ಲ ಸಾರ್” ಎಂದಳು. “ಈ ಸಲ ಬರೆದಿಟ್ಟಂಗೆ ಕಾಣ್ತೈತೆ.”